ಆ ಗದ್ದಲ ಹಾಗೇ ಇರಲಿ

ಭಾನುವಾರ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಫೈಲ್ ಕಳಿಸಿದ. ಜೊತೆಗೆ ಮಾತು: "ಮಾವ, ನಿಮ್ಮ ಪಿಯಾನೋ ಹಾಡು ಕ್ಲೀನ್ ಮಾಡಿದೀನಿ. ಹಿಂದೆ ಯಾರೋ ಮಾತಾಡ್ತಿದ್ರಲ್ಲ, ಎಲ್ಲ ತೆಗೆದುಹಾಕಿದೆ." ಸೌಂಡ್ ಎಡಿಟಿಂಗ್ ಅವನ ಕಸುಬು. ಕೈ ಚುರುಕು, ಅಕ್ಕರೆಯ ಹುಡುಗ. ಆದರೂ ಅದನ್ನು ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಹಾಡು 'ಲೋಟಸ್ ಬ್ಲಾಸಮ್'. ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ 1967ರಲ್ಲಿ ತನ್ನ ಬ್ಯಾಂಡಿನ ಜೊತೆ ನುಡಿಸಿದ 'ಅಂಡ್ ಹಿಸ್ ಮದರ್ ಕಾಲ್ಡ್ ಹಿಮ್ ಬಿಲ್' ಆಲ್ಬಮ್ಮಿನದು. ಆ ವರ್ಷ ಮೇ 31ರಂದು, ಅವನ ಬ್ಯಾಂಡಿಗೆ ಸಂಗೀತ ಬರೆಯುತ್ತಿದ್ದ ಗೆಳೆಯ ಬಿಲ್ಲಿ ಸ್ಟ್ರೇಹಾರ್ನ್ ತೀರಿಕೊಂಡಿದ್ದ. ಅನ್ನನಾಳದ ಕ್ಯಾನ್ಸರ್, ವಯಸ್ಸು ಬರೀ 51. ಎಲಿಂಗ್ಟನ್ ಬ್ಯಾಂಡಿನ ಗುರುತೇ ಆಗಿಹೋದ 'ಟೇಕ್ ದಿ ಎ ಟ್ರೇನ್' ಬರೆದವನು ಅವನು. ಜನ ಅದನ್ನು ಎಲಿಂಗ್ಟನ್‌ದೇ ಅಂದುಕೊಂಡರು. ಈ ವಿಷಯದಲ್ಲಿ ಡ್ಯೂಕ್ ಮೇಲೆ ನನಗೆ ಮುನಿಸಿದೆ. ಸ್ಟ್ರೇಹಾರ್ನ್ ಬದುಕಿದ್ದಾಗಲೇ ಅವನ ಹೆಸರನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬಹುದಿತ್ತು.

ಆದರೆ ಈ ರೆಕಾರ್ಡ್ ಹಾಕಿದಾಗ ಮುನಿಸು ನಿಲ್ಲುವುದಿಲ್ಲ. ಇಡೀ ಆಲ್ಬಮ್ ಸ್ಟ್ರೇಹಾರ್ನ್‌ಗೇ ಮೀಸಲು. ಆಸ್ಪತ್ರೆಯಲ್ಲಿದ್ದಾಗ ಅವನು ಬರೆದು ಮುಗಿಸಿದ 'ಬ್ಲಡ್ ಕೌಂಟ್' ಕೂಡ ಇದರಲ್ಲಿದೆ. ಅದರಲ್ಲಿ ಬ್ಯಾಂಡಿನ ಜಾನಿ ಹಾಡ್ಜಸ್ ತನ್ನ ಆಲ್ಟೋ ಸ್ಯಾಕ್ಸೊಫೋನಿನಲ್ಲಿ ಬಹಳ ಹೊತ್ತು ತಡೆದುಕೊಂಡು, ಆಮೇಲೆ ತಡೆಯಲಾರದೆ ಏರಿಬಿಡುತ್ತಾನೆ. ಒಂದು ಸಲಕ್ಕಿಂತ ಹೆಚ್ಚು ಕೇಳಲು ನನಗೆ ಆಗುವುದಿಲ್ಲ.

'ಲೋಟಸ್ ಬ್ಲಾಸಮ್' ಬೇರೆ ಥರ. ಅವತ್ತಿನ ಕೆಲಸ ಮುಗಿದಿತ್ತು, ವಾದಕರು ವಾದ್ಯ ತುಂಬಿಕೊಂಡು ಹೊರಡುತ್ತಿದ್ದರು. 68 ವರ್ಷದ ಎಲಿಂಗ್ಟನ್ ಒಬ್ಬನೇ ಪಿಯಾನೋ ಮುಂದೆ ಕೂತು, ಗೆಳೆಯ ತನ್ನಿಂದ ಕೇಳಲು ಇಷ್ಟಪಡುತ್ತಿದ್ದ ಆ ಹಾಡನ್ನು ನುಡಿಸತೊಡಗಿದ. ಟೇಪು ಓಡುತ್ತಿತ್ತು. ಹಿಂದೆ ಮಾತು, ಏನೋ ಇಟ್ಟ ಸದ್ದು, ಓಡಾಟ. ಬರಬರುತ್ತಾ ಮಾತು ಕಡಿಮೆಯಾಗುತ್ತದೆ.

ಹುಡುಗ ಕಳಿಸಿದ್ದರಲ್ಲಿ ಪಿಯಾನೋ ಸ್ಫಟಿಕದಂತಿದೆ. ಕೋಣೆಯೇ ಇಲ್ಲ. ಯಾರೂ ಸುಮ್ಮನಾಗುವುದಿಲ್ಲ, ಯಾಕೆಂದರೆ ಅಲ್ಲಿ ಯಾರೂ ಇರಲೇ ಇಲ್ಲವಲ್ಲ.

ಅಪ್ಪನ ವೈಕುಂಠ ಸಮಾರಾಧನೆಯ ದಿನ ಊಟ ಮುಗಿದು ನೆಂಟರು ಹೊರಟಿದ್ದರು. ಹಿತ್ತಲಲ್ಲಿ ಅಡುಗೆಯವರು ಕೊಳಗ, ಸೌಟು ತೊಳೆದು ಗೋಣಿಗೆ ತುಂಬುತ್ತಿದ್ದರು. ಅಪ್ಪನ ಜೊತೆ ಮೂವತ್ತು ವರ್ಷ ಭಜನೆಗೆ ಹಾರ್ಮೋನಿಯಂ ಬಾರಿಸಿದವರು ಜಗಲಿಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಅಪ್ಪನಿಗೆ ಇಷ್ಟವಾದ ದೇವರನಾಮ ತಮ್ಮಷ್ಟಕ್ಕೆ ಹೇಳಿಕೊಂಡರು. ಯಾರಿಗೂ ಕೇಳಿಸಲೆಂದಲ್ಲ. ಕೊಳಗ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ. ನನಗೆ ಆ ದನಿಯಷ್ಟೇ ಸ್ಪಷ್ಟವಾಗಿ ನೆನಪಿರುವುದು ಆ ನಲ್ಲಿ ನಿಂತದ್ದು.

ನಿನ್ನೆ ಹುಡುಗನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಾವ, ಒರಿಜಿನಲ್ ನನ್ನ ಹತ್ರ ಹಾಗೇ ಇದೆ. ಇವತ್ತು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳ್ತೀನಿ" ಅಂದ.