ವಿಮ್‌ನಲ್ಲಿ ಬಣ್ಣ ಬರಬೇಕಂದ್ರೆ ಮೊದಲು ಪೂರ್ತಿ ವಿಮ್ ಇರಬೇಕು

ಹೋದ ವಾರ ರಾತ್ರಿ ಒಂದು ಬ್ಯಾಕಪ್ ಸ್ಕ್ರಿಪ್ಟ್ ತಿದ್ದುತ್ತಾ ಕೂತಿದ್ದೆ. ಸರ್ವರ್ ಹೊಸದು, ಉಬುಂಟು ಲಿನಕ್ಸ್, ದೂರದಿಂದಲೇ ಟರ್ಮಿನಲ್‌ಗೆ ಲಾಗಿನ್ ಆಗೋ ಎಸ್‌ಎಸ್‌ಎಚ್‌ನಲ್ಲೇ ಎಲ್ಲ ಕೆಲಸ. ವಿಮ್ ಅಂದ್ರೆ ಟರ್ಮಿನಲ್‌ನಲ್ಲೇ ಫೈಲ್ ತಿದ್ದೋ ಎಡಿಟರ್, ಅದನ್ನು ಕರೆಯೋ ಕಮಾಂಡ್ ವಿಐ. ವಿಐ ಅಂತ ಕೊಟ್ಟು ಫೈಲ್ ತೆರೆದರೆ ಕಪ್ಪು ಪರದೆ ಮೇಲೆ ಬರೀ ಬಿಳಿ ಅಕ್ಷರ. ತಿದ್ದಿ, ಸೇವ್ ಮಾಡಿ ರನ್ ಮಾಡಿದೆ. 41ನೇ ಸಾಲಿನ ಕೋಟ್‌ಗೆ ಜೋಡಿ ಸಿಗಲಿಲ್ಲ ಅಂತ, ಸ್ಕ್ರಿಪ್ಟ್ ಓಡಿಸೋ ಬ್ಯಾಶ್ ಎರರ್ ಕೊಟ್ಟಿತು. ಆ ಸಾಲನ್ನು ಹತ್ತು ಸಲ ನೋಡಿದೆ, ಸರಿಯಾಗೇ ಇದೆ. ನಿಜವಾದ ತಪ್ಪು ಇದ್ದದ್ದು 14ನೇ ಸಾಲಿನಲ್ಲಿ. ಫೋಲ್ಡರ್ ಹೆಸರಿನ ಕೊನೆಗೆ ಹಾಕಬೇಕಿದ್ದ ಡಬಲ್ ಕೋಟ್ ಬಿಟ್ಟುಹೋಗಿತ್ತು. ಅಲ್ಲಿಂದ ಮುಂದೆ ತೆರೆಯೋ ಕೋಟೆಲ್ಲ ಮುಚ್ಚೋ ಕೋಟ್ ಆಗಿ, ಮುಚ್ಚೋದು ತೆರೆಯೋದಾಗಿ, ಎಲ್ಲಾ ಜೋಡಿ ಒಂದೊಂದು ಜಾಗ ಸರಿದು, ಕೊನೆಗೆ ಒಂಟಿಯಾಗಿ ಉಳಿದ ಕೋಟ್ ಇದ್ದ ಸಾಲನ್ನು ಬ್ಯಾಶ್ ತೋರಿಸಿತ್ತು ಅಷ್ಟೆ.

ಇದನ್ನು ಹುಡುಕೋಕೆ ಮುಕ್ಕಾಲು ಗಂಟೆ ಹೋಯ್ತು. ಆಮೇಲೆ ಕೋಡ್‌ನ ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ಕೊಡೋ ಸಿಂಟ್ಯಾಕ್ಸ್ ಬಣ್ಣ ಆನ್ ಮಾಡಿ, ಆ ಕೋಟ್ ಬೇಕಂತಲೇ ತೆಗೆದು ನೋಡಿದೆ. 14ನೇ ಸಾಲಿನಿಂದ ಕೆಳಗೆ ಎಲ್ಲಾ ಅದಲು ಬದಲು. ಕಮಾಂಡ್‌ಗಳು ಕೆನ್ನೇರಳೆ, ಕೋಟ್ ಒಳಗಿನ ಹೆಸರುಗಳು ಬಿಳಿ. ಓದೋದೇ ಬೇಡ, ದೂರದಿಂದ ನೋಡಿದರೂ ಎಲ್ಲಿಂದ ಕೆಟ್ಟಿದೆ ಅಂತ ಗೊತ್ತಾಗುತ್ತೆ. ಬಣ್ಣ ಸುಮ್ನೆ ಚೆಂದಕ್ಕೆ, ಸರ್ವರ್ ಮೇಲೆ ಅದೆಲ್ಲ ಯಾಕೆ ಅನ್ನೋರು ಇದ್ದಾರೆ. ನನಗಂತೂ ಆ ಮಾತು ಒಪ್ಪಿಗೆ ಇಲ್ಲ.

ಸರಿ, ಆನ್ ಮಾಡೋದು ಹೇಗೆ? ಕೋಲನ್ ಒತ್ತಿ ‘ಸಿಂಟ್ಯಾಕ್ಸ್ ಆನ್’ ಅಂತ ಕೊಟ್ಟರೆ ಮುಗೀತು ಅಂತ ಎಲ್ಲರೂ ಹೇಳ್ತಾರೆ. ನಾನೂ ಕೊಟ್ಟೆ. ಇ319, ಈ ಆವೃತ್ತಿಯಲ್ಲಿ ಆ ಕಮಾಂಡ್ ಇಲ್ಲ ಅಂತ ಬಂತು! ಕಾರಣ ಏನಂದ್ರೆ ಅಲ್ಲಿ ಇದ್ದದ್ದು ವಿಮ್-ಟೈನಿ. ಜಾಗ ಉಳಿಸೋಕೆ ಡೆಬಿಯನ್, ಉಬುಂಟುನವರು ಕೊಡೋ ಚಿಕ್ಕ ವಿಮ್ ಅದು, ಬಣ್ಣದ ಭಾಗವನ್ನೇ ತೆಗೆದು ಕಂಪೈಲ್ ಮಾಡಿರ್ತಾರೆ. ವಿಐ ಜೊತೆ ‘ವರ್ಷನ್’ ಅಂತ ಎರಡು ಮೈನಸ್ ಹಾಕಿ ಕೊಟ್ಟು ನೋಡಿ. ಪಟ್ಟಿಯಲ್ಲಿ ಸಿಂಟ್ಯಾಕ್ಸ್ ಪದಕ್ಕೆ ಮೊದಲು ಪ್ಲಸ್ ಇದ್ದರೆ ಸರಿ, ಮೈನಸ್ ಇದ್ದರೆ ಯಾವ ಸೆಟ್ಟಿಂಗ್ ಹಾಕಿದರೂ ಬಣ್ಣ ಬರಲ್ಲ. ಪ್ರೋಗ್ರಾಮ್ ಇನ್‌ಸ್ಟಾಲ್ ಮಾಡೋ ಆಪ್ಟ್ ಕಮಾಂಡ್‌ನಲ್ಲಿ ‘ವಿಮ್’ ಪ್ಯಾಕೇಜ್ ಇನ್‌ಸ್ಟಾಲ್ ಮಾಡಲೇಬೇಕು. ವಿಮ್ ಬರೆದ ಬ್ರಾಮ್ ಮೂಲೆನಾರ್ 1998ರಲ್ಲೇ ವಿಮ್ 5.0ಗೆ ಬಣ್ಣ ತಂದರು, ಇವತ್ತಿಗೂ ಅದಿಲ್ಲದ ವಿಮ್ ಜೊತೆ ಒದ್ದಾಡೋದು ಬೇಜಾರಿನ ಸಂಗತಿ ಅಲ್ವಾ.

ಇನ್‌ಸ್ಟಾಲ್ ಆದಮೇಲೆ ಬಣ್ಣ ಬಂತು, ಆದರೆ ಕಾಮೆಂಟ್ ಎಲ್ಲಾ ಕಡುನೀಲಿ. ಕಪ್ಪು ಹಿನ್ನೆಲೆ ಮೇಲೆ ಕಡುನೀಲಿ ಓದೋಕೇ ಆಗಲ್ಲ. ಟರ್ಮಿನಲ್ ಹಿನ್ನೆಲೆ ಬಿಳಿ ಅಂತ ವಿಮ್ ತಪ್ಪು ತಿಳಿದಾಗ ಹೀಗಾಗುತ್ತೆ. ‘ಸೆಟ್ ಬ್ಯಾಕ್‌ಗ್ರೌಂಡ್ ಈಕ್ವಲ್ ಡಾರ್ಕ್’ ಕೊಟ್ಟ ತಕ್ಷಣ ತಿಳಿನೀಲಿಗೆ ತಿರುಗಿತು.

ಇದನ್ನೆಲ್ಲ ಪ್ರತಿ ಸಲ ಟೈಪ್ ಮಾಡೋಕಾಗಲ್ಲ, ಹೋಮ್ ಫೋಲ್ಡರ್‌ನಲ್ಲಿ ಡಾಟ್ ವಿಮ್‌ಆರ್‌ಸಿ ಅನ್ನೋ ಸೆಟ್ಟಿಂಗ್ ಫೈಲ್‌ಗೆ ಹಾಕಿಡಿ. ಇಲ್ಲೊಂದು ವಿಷಯ ಗೊತ್ತಿರಲಿ. 2016ರಲ್ಲಿ ಬಂದ ವಿಮ್ 8ರಿಂದ ಈಚೆಗೆ, ನಿಮ್ಮದೇ ವಿಮ್‌ಆರ್‌ಸಿ ಇಲ್ಲದಿದ್ದರೆ ವಿಮ್ ತನ್ನ ಜೊತೆ ಬರೋ ‘ಡೀಫಾಲ್ಟ್ಸ್ ಡಾಟ್ ವಿಮ್’ ಫೈಲನ್ನು ಓದುತ್ತೆ, ಬಣ್ಣ ತಾನಾಗೇ ಬರುತ್ತೆ. ಸಾಲಿನ ನಂಬರ್ ಬೇಕು ಅಂತ ನೀವು ಒಂದೇ ಸಾಲಿನ ವಿಮ್‌ಆರ್‌ಸಿ ಮಾಡಿದಿರೋ, ಆ ಡೀಫಾಲ್ಟ್ಸ್ ಓದೋದು ನಿಂತುಹೋಗುತ್ತೆ, ಬಣ್ಣವೂ ಹೋಗಬಹುದು. ಅದಕ್ಕೇ ‘ಸಿಂಟ್ಯಾಕ್ಸ್ ಆನ್’ ಅನ್ನೋ ಸಾಲನ್ನು ನೀವೇ ಬರೆದಿಡಬೇಕು.

ಅಡ್ಮಿನ್ ಅಧಿಕಾರ ಕೊಡೋ ಸುಡೋ ಹಾಕಿ ತೆರೆದಾಗ ಕಾಮೆಂಟ್ ಮತ್ತೆ ಕಡುನೀಲಿ ಆಗಿದ್ದರೆ ಗಾಬರಿ ಬೇಡ. ಉಬುಂಟು 19.10ರಿಂದ ಸುಡೋ ಹಾಕಿದರೆ ಹೋಮ್ ಫೋಲ್ಡರ್ ರೂಟ್ ಅನ್ನೋ ಅಡ್ಮಿನ್ ಖಾತೆಯದಾಗುತ್ತೆ, ನಿಮ್ಮ ವಿಮ್‌ಆರ್‌ಸಿ ಅಲ್ಲಿರಲ್ಲ. ಇಟಿಸಿ ಒಳಗೆ ವಿಮ್ ಫೋಲ್ಡರ್ ಇದೆ, ಅಲ್ಲಿ ‘ವಿಮ್‌ಆರ್‌ಸಿ ಡಾಟ್ ಲೋಕಲ್’ ಅಂತ ಫೈಲ್ ಮಾಡಿ ಅವೇ ಎರಡು ಸಾಲು ಹಾಕಿದರೆ ಎಲ್ಲರಿಗೂ ಅನ್ವಯಿಸುತ್ತೆ. ನಾನು ಹೊಸ ಸರ್ವರ್ ಸಿಕ್ಕ ತಕ್ಷಣ ಈಗ ಮೊದಲು ಮಾಡೋದು ಇದನ್ನೇ, ಬ್ಯಾಕಪ್ ಸ್ಕ್ರಿಪ್ಟ್ ಆಮೇಲೆ.