ಲ್ಯೂಕಸ್ 25ಡಿ4 ಡಿಸ್ಟ್ರಿಬ್ಯೂಟರ್: ಬುಷ್‌ನಿಂದ ಆಗುಂಬೆ ಘಾಟಿವರೆಗೆ

ಕಾರು 1966ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎಂಜಿನ್ 1798 ಸಿಸಿ ಬಿ-ಸೀರೀಸ್, ಕಂಪ್ರೆಷನ್ 8.8. ಕೆಲಸ ಅದರ ಡಿಸ್ಟ್ರಿಬ್ಯೂಟರ್ (ಕಾಯಿಲ್‌ನ ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ) ಸರಿಮಾಡುವುದು; ಮಂಗಳೂರಿನಲ್ಲಿ, ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ತೊಂದರೆ ಇಷ್ಟು: ಐಡಲ್ ಒಂದೇ ಸಮ ನಿಲ್ಲುವುದಿಲ್ಲ. ಸ್ಟ್ರೋಬ್ ಲೈಟ್ ಹಿಡಿದರೆ ಪುಲಿಯ ಗುರುತು 4–5 ಡಿಗ್ರಿ ಅತ್ತಿತ್ತ ಓಲಾಡುತ್ತದೆ. 2500 ಆರ್‌ಪಿಎಂ ದಾಟಿದ ಮೇಲೆ ಮಿಸ್ ಹೊಡೆಯುತ್ತದೆ.

ಇಂಥ ಲಕ್ಷಣ ಹೇಳಿದೊಡನೆ ಸಿಗುವ ಸಲಹೆ, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್) ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿ ಎಂಬುದು. ಕಿಟ್ ಒಳ್ಳೆಯದೇ. ಆದರೆ ಅದು ಪಾಯಿಂಟ್ ಮತ್ತು ಕಂಡೆನ್ಸರ್‌ನ ಜಾಗವನ್ನಷ್ಟೇ ತುಂಬುತ್ತದೆ. ಶಾಫ್ಟ್ ತಿರುಗುವ ಸವೆದ ಬುಷ್, ವೇಗ ಏರಿದಂತೆ ಕಿಡಿಯನ್ನು ಮುಂಚೆ ತರುವ ಸಡಿಲವಾದ ತೂಕಗಳು, ವ್ಯಾಕ್ಯೂಮ್ ಯೂನಿಟ್‌ನ ಹರಿದ ಡಯಾಫ್ರಂ ಹಾಗೆಯೇ ಉಳಿಯುತ್ತವೆ. ಆದ್ದರಿಂದ ಮೊದಲು ಡಿಸ್ಟ್ರಿಬ್ಯೂಟರನ್ನು ಪಾಯಿಂಟ್‌ನಲ್ಲೇ ಸರಿಯಾಗಿ ಓಡಿಸುವುದು, ಕಿಟ್ ಆಮೇಲೆ.

ಮೊದಲ ವಾರ: ಬಿಚ್ಚುವುದು

1ನೇ ಸಿಲಿಂಡರನ್ನು ಟಿಡಿಸಿಗೆ (ಪಿಸ್ಟನ್ ತೀರಾ ಮೇಲಿರುವ ಜಾಗ) ತಂದು, ರೋಟರ್ (ಕ್ಯಾಪಿನೊಳಗೆ ತಿರುಗಿ ಕಿಡಿ ಹಂಚುವ ತುಂಡು) ಯಾವ ಕಡೆ ನೋಡುತ್ತಿದೆ ಎಂದು ಬಾಡಿಯ ಅಂಚಿನಲ್ಲಿ ಗುರುತು ಹಾಕಿ. ಕ್ಲಾಂಪಿನ ಪಿಂಚ್ ಬೋಲ್ಟನ್ನು ಮುಟ್ಟಬೇಡಿ. ಕ್ಲಾಂಪ್ ಪ್ಲೇಟನ್ನು ಬ್ಲಾಕಿಗೆ ಹಿಡಿದಿರುವ ಎರಡು ಬೋಲ್ಟ್ ಬಿಚ್ಚಿದರೆ ಟೈಮಿಂಗ್ ಕೆಡದೆ ಡಿಸ್ಟ್ರಿಬ್ಯೂಟರ್ ಹೊರಬರುತ್ತದೆ. ಕಡಲಿನ ಉಪ್ಪುಗಾಳಿಗೆ ಅಲ್ಯೂಮಿನಿಯಂ ಬಾಡಿ ಬಿಳಿ ಪುಡಿ ಕಟ್ಟಿ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಬಾಡಿ ಒಡೆಯುತ್ತದೆ. ತುಕ್ಕೆಣ್ಣೆ ಬಿಟ್ಟು, ಒಂದು ರಾತ್ರಿ ಕಾದು, ತಿರುಚುತ್ತಾ ಮೇಲೆತ್ತಬೇಕು.

ಶಾಫ್ಟನ್ನು ಎಂಜಿನ್‌ಗೆ ಜೋಡಿಸುವ ಕೆಳಗಿನ ಡ್ರೈವ್ ಡಾಗ್‌ನ ಹಲ್ಲು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದಿರುವುದರಿಂದ ಎಂಜಿನ್‌ನಲ್ಲಿ ಒಂದೇ ರೀತಿ ಕೂರುತ್ತದೆ. ಆದರೆ ಪಿನ್ ತೆಗೆದು ಡಾಗನ್ನೇ ಶಾಫ್ಟಿಗೆ ಉಲ್ಟಾ ಹಾಕಿದರೆ ರೋಟರ್ 180 ಡಿಗ್ರಿ ತಿರುಗಿ ನಿಲ್ಲುತ್ತದೆ. ಪಿನ್ನಿನ ತುದಿ ಅರೆದು ಪಂಚ್‌ನಲ್ಲಿ ಹೊಡೆಯುವ ಮುಂಚೆ ಡಾಗ್‌ಗೂ ಶಾಫ್ಟ್‌ಗೂ ಒಂದೇ ಸಾಲಿನಲ್ಲಿ ಗುರುತು ಮಾಡಿಕೊಳ್ಳಿ.

ಡಯಲ್ ಗೇಜ್‌ನಲ್ಲಿ ಶಾಫ್ಟಿನ ಪಕ್ಕದಾಟ 0.15 ಮಿ.ಮೀ. ಬಂತು. ಪಾಯಿಂಟ್ ಗ್ಯಾಪ್ ಇರಬೇಕಾದ್ದೇ 0.35–0.40 ಮಿ.ಮೀ. ಶಾಫ್ಟ್ ಇಷ್ಟು ಅಲ್ಲಾಡಿದರೆ ಗ್ಯಾಪ್ ಒಂದೊಂದು ಸಿಲಿಂಡರಿಗೆ ಒಂದೊಂದಾಗುತ್ತದೆ. ಗ್ಯಾಪ್ ಹೆಚ್ಚಾದಲ್ಲಿ ಪಾಯಿಂಟ್ ಬೇಗ ತೆರೆದು ಕಿಡಿ ಮುಂಚೆ ಹಾರುತ್ತದೆ, ಡ್ವೆಲ್ (ಪಾಯಿಂಟ್ ಮುಚ್ಚಿರುವ ಅವಧಿ, ಡಿಗ್ರಿಯಲ್ಲಿ) ಕಡಿಮೆಯಾಗುತ್ತದೆ. ಗ್ಯಾಪ್ ಕಡಿಮೆಯಾದಲ್ಲಿ ತಡವಾಗುತ್ತದೆ. ಪುಲಿಯ ಗುರುತು ಓಲಾಡಿದ್ದಕ್ಕೆ ಇದೇ ಕಾರಣ.

ಎರಡನೇ ವಾರ: ಬುಷ್

25ಡಿ4ರಲ್ಲಿ ಇರುವುದು ಒಂದೇ ಉದ್ದನೆಯ ಸಿಂಟರ್ಡ್ (ಲೋಹದ ಪುಡಿ ಒತ್ತಿ ಕಾಯಿಸಿ ಮಾಡಿದ) ಬುಷ್. ಅದರ ಮೈಯಲ್ಲಿ ಸಣ್ಣ ರಂಧ್ರಗಳಿದ್ದು ಎಣ್ಣೆ ಅಲ್ಲೇ ನಿಲ್ಲುತ್ತದೆ. ಹೊಸದನ್ನು 30 ಅಥವಾ 40 ಗ್ರೇಡ್ ಎಂಜಿನ್ ಆಯಿಲ್‌ನಲ್ಲಿ 24 ಗಂಟೆ ಮುಳುಗಿಸಿಡಬೇಕು. ಅವಸರವಿದ್ದರೆ 100 ಡಿಗ್ರಿ ಸೆಲ್ಸಿಯಸ್‌ನ ಎಣ್ಣೆಯಲ್ಲಿ 2 ಗಂಟೆ ಇಟ್ಟು, ಆ ಎಣ್ಣೆಯಲ್ಲೇ ಆರಲು ಬಿಟ್ಟು ತೆಗೆಯಬಹುದು.

ಬೈಕಂಪಾಡಿಯಲ್ಲಾಗಲಿ ಬೇರೆಲ್ಲಾಗಲಿ, ಲೇತಿನವರಿಗೆ ಕೊಡುವಾಗ ಒಂದು ಮಾತು ಸ್ಪಷ್ಟವಾಗಿ ಹೇಳಿ: ರೀಮರ್ (ತೂತನ್ನು ಕೆರೆದು ಅಗಲಿಸುವ ಉಪಕರಣ) ಹಾಕಬಾರದು. ರೀಮರ್ ಓಡಿದರೆ ರಂಧ್ರಗಳ ಬಾಯಿ ಮುಚ್ಚಿ ಎಣ್ಣೆ ಹೊರಬರುವುದೇ ಇಲ್ಲ. ಶಾಫ್ಟಿನ ಅಳತೆಗೆ ಪಾಲಿಶ್ ಮಾಡಿದ ಮ್ಯಾಂಡ್ರೆಲ್ (ಉಕ್ಕಿನ ಸರಳು) ತಯಾರಿಸಿ, ಅದರ ಮೇಲೆ ಬುಷ್ ಕೂರಿಸಿ ಪ್ರೆಸ್‌ನಲ್ಲಿ ಒತ್ತಬೇಕು. ಸುತ್ತಿಗೆ ಬೇಡ. ಆಮೇಲೆ ಬಾಡಿಯಲ್ಲಿರುವ ಎಣ್ಣೆ ಇಳಿಯುವ ತೂತಿನ ನೇರಕ್ಕೆ ಬುಷ್‌ನಲ್ಲೂ ತೂತು ಕೊರೆದು, ಒಳಗಿನ ಚೂರುಗಳನ್ನು ಪೂರ್ತಿ ತೆಗೆಯಿರಿ. ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದರೆ ಬುಷ್ ಕುಡಿದ ಎಣ್ಣೆಯೂ ಹೋಗುತ್ತದೆ. ಬಟ್ಟೆ, ಗಾಳಿ ಸಾಕು.

ಜೋಡಿಸಿದ ಮೇಲೆ ಪಕ್ಕದಾಟ 0.03 ಮಿ.ಮೀ. ಶಾಫ್ಟ್ ಬೆರಳಲ್ಲಿ ತಿರುಗಿಸಿದರೆ ಎಲ್ಲೂ ಬಿಗಿ ಹಿಡಿಯಬಾರದು.

ಅದೇ ವಾರ: ಸ್ಪ್ರಿಂಗು, ತೂಕ, ವ್ಯಾಕ್ಯೂಮ್

ಹೆಚ್ಚಿನವರು ತಪ್ಪುವುದು ಇಲ್ಲಿ. ಎರಡು ಸ್ಪ್ರಿಂಗ್‌ಗಳಲ್ಲಿ ಒಂದು ತೆಳು, ಅದು ಸದಾ ಎಳೆದಿರುತ್ತದೆ. ಇನ್ನೊಂದು ದಪ್ಪ, ಅದರ ಕೊಂಡಿ ಉದ್ದ, ನಿಂತಿರುವಾಗ ಸಡಿಲವಾಗಿ ತೂಗುತ್ತದೆ. ಜಗ್ಗಿಹೋಗಿದೆ ಎಂದು ತಿಳಿದು ಆ ಕೊಂಡಿಯನ್ನು ಇಕ್ಕಳದಲ್ಲಿ ಬಿಗಿದರೆ ಅಡ್ವಾನ್ಸ್ ಕರ್ವ್ (ವೇಗಕ್ಕೆ ತಕ್ಕಂತೆ ಕಿಡಿ ಎಷ್ಟು ಮುಂಚೆ ಹಾರಬೇಕು ಎಂಬ ಲೆಕ್ಕ) ಪೂರ್ತಿ ಹಾಳು. ಕಡಿಮೆ ವೇಗದಲ್ಲಿ ತೆಳು ಸ್ಪ್ರಿಂಗ್ ಮಾತ್ರ ತೂಕಗಳನ್ನು ತಡೆಯುತ್ತದೆ, ಅಡ್ವಾನ್ಸ್ ಬೇಗ ಏರುತ್ತದೆ. ತೂಕಗಳು ಇನ್ನಷ್ಟು ಅಗಲವಾದಾಗ ದಪ್ಪ ಸ್ಪ್ರಿಂಗಿನ ಸಡಿಲ ಮುಗಿದು ಏರಿಕೆ ನಿಧಾನವಾಗುತ್ತದೆ.

ಪಾಯಿಂಟ್ ತೆರೆಯುವ ಕ್ಯಾಮಿನ ಬುಡದಲ್ಲಿ, ತೂಕಗಳು ಕೊಡುವ ಗರಿಷ್ಠ ಅಡ್ವಾನ್ಸ್ 10 ಎಂದು ಕೊರೆದಿದೆ. ಇದು ಡಿಸ್ಟ್ರಿಬ್ಯೂಟರ್ ಡಿಗ್ರಿ, ಕ್ರ್ಯಾಂಕ್‌ನಲ್ಲಿ ಇದರ ಎರಡರಷ್ಟು, ಅಂದರೆ 20. ಸ್ಟ್ಯಾಟಿಕ್ (ಎಂಜಿನ್ ನಿಂತಿರುವಾಗಲೇ ಇಡುವ) 10 ಡಿಗ್ರಿ ಸೇರಿದರೆ ಒಟ್ಟು 30. ಎಂಜಿನ್ನಿನ ಹೀರುವಿಕೆಯಿಂದ ಕಿಡಿಯನ್ನು ಮುಂಚೆ ತರುವ ವ್ಯಾಕ್ಯೂಮ್ ಯೂನಿಟ್ ಮೇಲೆ 5-13-10: 5 ಇಂಚು ಪಾದರಸದಲ್ಲಿ ಶುರು, 13ರಲ್ಲಿ ಪೂರ್ಣ, ಗರಿಷ್ಠ 10 ಡಿಸ್ಟ್ರಿಬ್ಯೂಟರ್ ಡಿಗ್ರಿ. ಸಿರಿಂಜ್‌ಗೆ ಸಣ್ಣ ಟ್ಯೂಬ್ ಹಾಕಿ ಎಳೆದು ಹಿಡಿಯಿರಿ. ಪ್ಲೇಟ್ ಸರಿದು ಅಲ್ಲೇ ನಿಂತರೆ ಡಯಾಫ್ರಂ ಸರಿ. ಮೆಲ್ಲಗೆ ಹಿಂದೆ ಬಂದರೆ ಹರಿದಿದೆ.

ಬಂದರಿನ ಕಡೆಯ ಹಳೆ ಅಂಗಡಿಗಳಲ್ಲಿ ಅಂಬಾಸಿಡರ್‌ನ ಲ್ಯೂಕಸ್-ಟಿವಿಎಸ್ ಸಾಮಾನು ಕೇಳಬಹುದು. ಅದರ 1489 ಸಿಸಿ ಎಂಜಿನ್ನೂ ಬಿ-ಸೀರೀಸ್ ವಂಶದ್ದೇ. ಪಾಯಿಂಟ್, ಕಂಡೆನ್ಸರನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿಯೇ ಕೊಳ್ಳಿ. ಇಡೀ ಡಿಸ್ಟ್ರಿಬ್ಯೂಟರನ್ನು ಮಾತ್ರ ಎತ್ತಿ ಹಾಕಬೇಡಿ, ಕರ್ವ್ ಬೇರೆ.

ಮೂರನೇ ವಾರ: ಪಾಯಿಂಟ್‌ನಲ್ಲಿ ಓಡಿಸುವುದು

ಪಾಯಿಂಟ್ ಸ್ಪ್ರಿಂಗ್, ಕಂಡೆನ್ಸರ್ ವಯರು, ಕಾಯಿಲ್‌ನಿಂದ ಬರುವ ವಯರು – ಈ ಮೂರೂ ಒಂದಕ್ಕೊಂದು ತಾಗಬೇಕು, ಪಾಯಿಂಟ್ ಕೂತಿರುವ ಕಂಬಕ್ಕೆ ಮಾತ್ರ ತಾಗಬಾರದು. ನೈಲಾನ್ ಬುಷ್ ಅಡ್ಡ ಇರುವುದು ಅದಕ್ಕೇ. ಒಂದು ಟರ್ಮಿನಲ್ ಬುಷ್‌ನ ಹೊರಗೆ ಕೂತರೂ ಕಾಯಿಲ್ ಸದಾ ಅರ್ತ್ ಆಗಿ ಕಿಡಿಯೇ ಬರುವುದಿಲ್ಲ. ಬೇಸ್ ಪ್ಲೇಟಿನಿಂದ ಬಾಡಿಗೆ ಹೋಗುವ ಚಿಕ್ಕ ಅರ್ತ್ ವಯರನ್ನೂ ನೋಡಿ. ವ್ಯಾಕ್ಯೂಮ್ ಪ್ಲೇಟನ್ನು ಎಳೆದಾಗಲೆಲ್ಲ ಮಡಚಿ ಮಡಚಿ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಎಳೆಗಳು ತುಂಡಾಗಿರುತ್ತವೆ.

2500ರ ಮೇಲಿನ ಮಿಸ್‌ಗೆ ಕಾರಣ ಕಂಡೆನ್ಸರ್. ತಣ್ಣಗಿದ್ದಾಗ ಮಲ್ಟಿಮೀಟರ್‌ನಲ್ಲಿ 0.21 ಮೈಕ್ರೋಫ್ಯಾರಡ್ ತೋರಿಸಿತು, ಸರಿಯಾದ ಲೆಕ್ಕವೇ. ಹೇರ್ ಡ್ರೈಯರ್‌ನಲ್ಲಿ ಕಾಯಿಸಿ ಅಳೆದಾಗ ರೀಡಿಂಗ್ ನಿಲ್ಲಲೇ ಇಲ್ಲ. ಹೊಸತನ್ನೂ ಹೀಗೆ ಬಿಸಿಮಾಡಿ ನೋಡಿಯೇ ಹಾಕಿ.

ರೋಟರ್‌ನಲ್ಲಿ ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ್ದು ಬೇಡ. ರಿವೆಟಿನ ಬುಡ ಒಳಗಿನ ಸ್ಪ್ರಿಂಗಿಗೆ ಹತ್ತಿರ ಬಂದು, ಕಿಡಿ ಶಾಫ್ಟಿಗೇ ಇಳಿಯುತ್ತದೆ. ಪರೀಕ್ಷೆ: ಕಾಯಿಲ್‌ನ ಎಚ್‌ಟಿ (ಹೈ ಟೆನ್ಷನ್) ವಯರಿನ ತುದಿಯನ್ನು ರೋಟರ್ ಪಟ್ಟಿಯಿಂದ 3 ಮಿ.ಮೀ. ದೂರ ಹಿಡಿದು, ಇಗ್ನಿಷನ್ ಆನ್ ಇಟ್ಟು ಪಾಯಿಂಟನ್ನು ತೆರೆದು ಮುಚ್ಚಿ. ಕಿಡಿ ಹಾರಿ ಹಾರಿ ಬಂದರೆ ರೋಟರ್ ಸೋರುತ್ತಿದೆ. ವಯರನ್ನು ಬರಿಗೈಯಲ್ಲಿ ಹಿಡಿಯಬೇಡಿ.

ಕಡೆಗೆ ಗ್ಯಾಪ್ 0.38 ಮಿ.ಮೀ., ಡ್ವೆಲ್ 60 ಡಿಗ್ರಿ, ಪ್ಲಗ್ ಗ್ಯಾಪ್ 0.63 ಮಿ.ಮೀ. ಫೈರಿಂಗ್ ಆರ್ಡರ್ 1-3-4-2, ರೋಟರ್ ತಿರುಗುವುದು ಅಪ್ರದಕ್ಷಿಣವಾಗಿ. ವ್ಯಾಕ್ಯೂಮ್ ಪೈಪ್ ತೆಗೆದು ಮುಚ್ಚಿ ಸ್ಟ್ರೋಬ್ ಹಿಡಿದಾಗ ಗುರುತು ಕದಲದೆ ನಿಂತಿತು.

ನಾಲ್ಕನೇ ವಾರ: ಎಲೆಕ್ಟ್ರಾನಿಕ್ ಕಿಟ್

1966ರ ಎಂಜಿಬಿ ಮೂಲದಲ್ಲಿ ಪಾಸಿಟಿವ್ ಅರ್ತ್. ಈ ಕಾರನ್ನು ಮೊದಲೇ ನೆಗೆಟಿವ್‌ಗೆ ಬದಲಿಸಿದೆ. ಕಿಟ್ ಕೊಳ್ಳುವ ಮುನ್ನ ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ; ಉಲ್ಟಾ ಕೊಟ್ಟರೆ ಮಾಡ್ಯೂಲ್ ಕ್ಷಣದಲ್ಲಿ ಸಾಯುತ್ತದೆ. ಕಾಯಿಲ್‌ನ ಪ್ರೈಮರಿ 3 ಓಮ್‌ಗಿಂತ ಕಡಿಮೆ ಇರಬಾರದು, ಇಲ್ಲಿ ಅಳೆದದ್ದು 3.1. ಎಂಜಿನ್ ಓಡದೆ ಇಗ್ನಿಷನ್ ಆನ್ ಇಟ್ಟು ರೇಡಿಯೋ ಕೇಳುವ ಅಭ್ಯಾಸವಿದ್ದರೆ ಬಿಡಬೇಕು, ಮಾಡ್ಯೂಲ್ ಕಾದು ಕೆಡಬಹುದು. ಕಾಪರ್ ಎಚ್‌ಟಿ ವಯರು ತೆಗೆದು ಸಪ್ರೆಷನ್ ವಯರು (ಕಿಡಿಯ ವಿದ್ಯುತ್ ಅಡ್ಡಿ ತಗ್ಗಿಸುವಂಥದ್ದು) ಹಾಕಿದೆ.

ಮ್ಯಾಗ್ನೆಟ್ ರಿಂಗ್ ಕ್ಯಾಮಿನ ಮೇಲೆ ತಳಮುಟ್ಟ ಕೂರಬೇಕು. ಅರ್ಧ ಕೂತರೆ ರೋಟರ್ ಎತ್ತರವಾಗಿ, ಕ್ಯಾಪಿನೊಳಗಿನ ಕಾರ್ಬನ್ ಬ್ರಷ್ ಪುಡಿಯಾಗುತ್ತದೆ. ಮ್ಯಾಗ್ನೆಟ್ ಹಾಯುವುದನ್ನು ಗುರುತಿಸುವ ಕಿಟ್‌ನ ಹಾಲ್ ಸೆನ್ಸರ್‌ಗೆ ಪಕ್ಕದಾಟ ಪಾಯಿಂಟ್‌ನಷ್ಟು ಬಾಧಿಸುವುದಿಲ್ಲ, ನಿಜ. ಆದರೂ ಹಳೆ ಬುಷ್‌ನಲ್ಲಿ ಇದನ್ನು ಕೂರಿಸಿದ್ದರೆ ರಿಂಗ್ ಸೆನ್ಸರಿಗೆ ತಾಗುವ ಸಂಭವ ಇದ್ದೇ ಇತ್ತು. ಸರಿಮಾಡಿದ ಪಾಯಿಂಟ್ ಸೆಟ್, ಬಿಸಿಯಲ್ಲಿ ಪಾಸಾದ ಕಂಡೆನ್ಸರ್ ಕಾರಿನ ಡಬ್ಬಿಯಲ್ಲೇ ಇರುತ್ತವೆ.

ಆಟಿಯ (ತುಳುವರ ಮಳೆಗಾಲದ ತಿಂಗಳು) ಮಳೆಗೆ ಬೇಕಾದ ತಯಾರಿಯೂ ಆಯಿತು. ರಾತ್ರಿಯ ತೇವಕ್ಕೆ ಕ್ಯಾಪಿನೊಳಗೆ ಮಂಜು ಕಟ್ಟಿ, ಟರ್ಮಿನಲ್‌ಗಳ ನಡುವೆ ಕಪ್ಪು ಗೆರೆ ಬಿದ್ದರೆ ಆ ಕ್ಯಾಪ್ ಒರೆಸಿದರೂ ಉಪಯೋಗಕ್ಕಿಲ್ಲ, ಬದಲಿಸಬೇಕು. ಪ್ಲಗ್ ಮತ್ತು ಕ್ಯಾಪಿನ ರಬ್ಬರ್ ಬೂಟ್‌ಗಳ ಒಳಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದೆ.

ಘಾಟಿ

ಉಡುಪಿ, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ 14 ತಿರುವು. ಟೈಮಿಂಗ್ ಹೆಚ್ಚಾಗಿದ್ದರೆ ಅದು ಇಲ್ಲಿನ ಏರಿನಲ್ಲಿ ಗೊತ್ತಾಗುವಷ್ಟು ಗ್ಯಾರೇಜಿನಲ್ಲಿ ಗೊತ್ತಾಗುವುದಿಲ್ಲ. ಮೂರನೇ ಗೇರಿನಲ್ಲಿ ಕಡಿಮೆ ವೇಗದಿಂದ ಆಕ್ಸಿಲರೇಟರ್ ಒತ್ತಿದಾಗ ಸಣ್ಣಗೆ ನಾಕಿಂಗ್ ಕೇಳಿತು. ವ್ಯಾಕ್ಯೂಮ್ ಯೂನಿಟ್ ತುದಿಯ ನಟ್ಟಿನಲ್ಲಿ ಸುಮಾರು 11 ಕ್ಲಿಕ್‌ಗೆ 1 ಡಿಗ್ರಿ. ಆರ್ (ರಿಟಾರ್ಡ್, ಕಿಡಿ ತಡಮಾಡುವ) ಕಡೆಗೆ 22 ಕ್ಲಿಕ್ ತಿರುಗಿಸಿ 2 ಡಿಗ್ರಿ ಇಳಿಸಿದ ಮೇಲೆ ಅದೇ ತಿರುವಿನಲ್ಲಿ ಸದ್ದಿಲ್ಲ. ಬಾಕಿ ಇರುವುದು ಪುಲಿಯ ಗುರುತೇ ಸರಿಯಾಗಿದೆಯೇ ಎಂದು ಪ್ಲಗ್ ತೂತಿನಲ್ಲಿ ಪಿಸ್ಟನ್ ಸ್ಟಾಪ್ ಹಾಕಿ ನೋಡುವುದು, ಆಮೇಲೆ 500 ಕಿ.ಮೀ. ಓಡಿದ ಮೇಲೆ ಕ್ಯಾಪ್ ಬಿಚ್ಚಿ ಬ್ರಷ್ ಪರೀಕ್ಷಿಸುವುದು.