ದ್ರೌಪದಿ ಪಾರ್ಟು ಸಿಕ್ಕಿದೆ ಅನ್ನೋರಿಗೆ

ಸಂಗೀತ ಕಲಿತ ಹುಡುಗಿಯರು ಈಚೆಗೆ ಪೌರಾಣಿಕ ನಾಟಕದ ಕಡೆ ಬರ್ತಿದ್ದಾರೆ, ಸಂತೋಷ. ನಮ್ಮ ತುಮಕೂರು ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದ್ರೆ ಮಳೆಗಾಲದವರೆಗೂ ಯಾವುದಾದ್ರೂ ಊರಲ್ಲಿ 'ಕುರುಕ್ಷೇತ್ರ' ಇದ್ದೇ ಇರುತ್ತೆ. ಹಾಡಿ ಅಭಿನಯಿಸೋ ಹೆಣ್ಣುಮಕ್ಕಳಿಗೆ ಕೆಲಸಕ್ಕೆ ಬರ ಇಲ್ಲ. ಆದ್ರೆ ಚೆನ್ನಾಗಿ ಹಾಡೋರೇ ಒಂದು ಸೀಸನ್ ಮುಗಿಯೋದ್ರೊಳಗೆ ಬೇಸತ್ತು ಬಿಟ್ಟು ಹೋಗೋದನ್ನೂ ನೋಡಿದ್ದೀನಿ. ಗಂಟಲಿನ ದೋಷ ಅಲ್ಲ ಅದು. ಇಲ್ಲಿ ರಾತ್ರಿ ಯಾರದು ಅನ್ನೋದನ್ನ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಗುಬ್ಬಿ ನಾಟಕ ಕಂಪನಿ ಕಾಲದಲ್ಲಿ ಲೆಕ್ಕ ಬೇರೆ ಇತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ಕಂಪನಿಯಲ್ಲಿ ರಾಜನೂ ಸಂಬಳದವನು, ಸೇವಕನೂ ಸಂಬಳದವನು. 1934ರಲ್ಲಿ ಆ ಕಂಪನಿಯ ಯಜಮಾನರು ಗುಬ್ಬಿ ವೀರಣ್ಣನವರು ನಿಜವಾದ ಆನೆ ಕುದುರೆ ಇಟ್ಕೊಂಡು 'ಕುರುಕ್ಷೇತ್ರ' ಆಡಿಸಿದಾಗ್ಲೂ ರಂಗದ ಮೇಲಿದ್ದೋರೆಲ್ಲ ಅದೇ ಕಸುಬಿನವರು. ಈಗ ಊರೇ ಕಂಪನಿ. ದುರ್ಯೋಧನ ತೆಂಗಿನಕಾಯಿ ವ್ಯಾಪಾರಿ, ಭೀಮ ಪಂಚಾಯ್ತಿ ಮೆಂಬರ್ರು, ಶಕುನಿ ರಿಟೈರ್ಡ್ ಮೇಷ್ಟ್ರು. ಸೀನರಿ, ಮೈಕು, ಲೈಟು, ಮೇಕಪ್ಪು, ಹಾರ್ಮೋನಿಯಂ ಮೇಷ್ಟ್ರು ಎಲ್ಲದಕ್ಕೂ ತಮ್ಮ ಜೇಬಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸ್ ಮಾಡಿರ್ತಾರೆ. ನಾಟಕದ ರಾತ್ರಿ ಅವರದು. ದುಡ್ಡು ತಗೊಂಡು ಹಾಡೋರು ನಾವು ಮೂರ್ನಾಲ್ಕು ಹೆಣ್ಣುಮಕ್ಕಳು ಮಾತ್ರ. ಟ್ರಯಲ್‌ಗೆ ಒಂದು ಸಲ ಹೋದ್ರೆ ಹೋದ್ವಿ, ಇಲ್ಲಾಂದ್ರೆ ಸೀದಾ ನಾಟಕದ ರಾತ್ರಿಗೇ.

ಕಷ್ಟ ಮೊದಲು ಬರೋದು ಶ್ರುತಿಯಲ್ಲಿ. ನೀವು ಕಪ್ಪು ನಾಲ್ಕಕ್ಕೆ, ಅಂದ್ರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯನ್ನ ಷಡ್ಜ (ಸ) ಮಾಡ್ಕೊಂಡು ಹಾಡ್ತೀರಿ ಅಂದ್ಕೊಳ್ಳಿ, ನಿಮ್ಮ ಕೃಷ್ಣನಿಗೆ ಕಪ್ಪು ಎರಡು. ಒಬ್ಬರೇ ಹಾಡುವಾಗ ತೊಂದರೆ ಇಲ್ಲ, ಮೇಷ್ಟ್ರು ನಿಮ್ಮ ಶ್ರುತಿಗೆ ಬದಲಾಯಿಸ್ತಾರೆ. ರುಕ್ಮಿಣಿ–ಕೃಷ್ಣರ ಯುಗಳಗೀತೆ ಬಂದಾಗ ಇದೆ ತಮಾಷೆ. ಅವರ ಷಡ್ಜದಲ್ಲೇ ಹಾಡಿದ್ರೆ ಕೆಳಗಿನ ಸಾಲುಗಳಲ್ಲಿ ನಿಮ್ಮ ದನಿ ಹೊಟ್ಟೆಯೊಳಗೇ ಉಳಿಯುತ್ತೆ, ಒಂದು ಸ್ಥಾಯಿ ಮೇಲೆ ಹಿಡಿದ್ರೆ ಕಿರುಚಿದ ಹಾಗಿರುತ್ತೆ. ಇದಕ್ಕೆ ಹಳೇ ಉಪಾಯ ಒಂದಿದೆ. ಹಾರ್ಮೋನಿಯಂ ಪೆಟ್ಟಿಗೆ ಮೇಲೆ ಬೆರಳಿಟ್ಟು ನೋಡಿ, ಕಪ್ಪು ಎರಡು ಷಡ್ಜ ಆದ್ರೆ ಕಪ್ಪು ನಾಲ್ಕು ಅದರ ಶುದ್ಧ ಮಧ್ಯಮ (ಮ). ಅಂದ್ರೆ ಅವರ ಮಧ್ಯಮವೇ ನಿಮ್ಮ ಷಡ್ಜ. ಅವರ ಚರಣ ಅವರ ಶ್ರುತಿಯಲ್ಲಿ, ನಿಮ್ಮ ಚರಣ ನಿಮ್ಮ ಶ್ರುತಿಯಲ್ಲಿ, ನಡುವೆ ಮೇಷ್ಟ್ರು ಒಂದು ಸಣ್ಣ ಬಿಟ್ ನುಡಿಸಿ ದಾಟಿಸ್ತಾರೆ. ಗಂಡು ಹೆಣ್ಣು ಇಬ್ಬರೂ ತಮ್ಮ ತಮ್ಮ ಶ್ರುತಿಯಲ್ಲೇ ಜೊತೆಗೆ ಹಾಡೋ, ಹಿಂದೂಸ್ತಾನಿ ಗಾಯಕ ಪಂಡಿತ್ ಜಸ್ರಾಜರ ಜಸರಂಗಿ ಜುಗಲ್‌ಬಂದಿ ನಿಂತಿರೋದೂ ಇಂಥದೇ ಷಡ್ಜ–ಮಧ್ಯಮದ ಲೆಕ್ಕದ ಮೇಲೆ, ಅದು ದೊಡ್ಡವರ ವಿದ್ಯೆ. ನಮಗೆ ಬೇಕಿರೋದು ಬಣ್ಣ ಹಚ್ಚೋದಕ್ಕೆ ಮುಂಚೆ ಮೇಷ್ಟ್ರ ಪಕ್ಕ ಕೂತು, "ಸಾರ್, ನನ್ನ ಚರಣಕ್ಕೆ ಮಧ್ಯಮಕ್ಕೆ ಬರ್ತೀರಾ?" ಅಂತ ಕೇಳೋ ಧೈರ್ಯ. ಕೃಷ್ಣನಿಗೂ ಅಲ್ಲೇ ಹೇಳಿಬಿಡಿ. ಇಲ್ಲಾಂದ್ರೆ ನಿಮ್ಮ ಚರಣ ಮುಗಿದ ಮೇಲೆ ಪಾಪ ಅವರು ನಿಮ್ಮ ಶ್ರುತಿಯಲ್ಲೇ ಶುರು ಮಾಡಿ ಪಲ್ಲವಿಯಲ್ಲೇ ಉಸಿರು ಕಟ್ಟಿ ನಿಲ್ತಾರೆ. ನೋಡೋಕೆ ಬಂದಿರೋರೆಲ್ಲ ಅವರ ಅಳಿಯಂದಿರು, ಬೀಗರು.

ಎರಡನೇದು ಪುಸ್ತಕ. 'ಕುರುಕ್ಷೇತ್ರ' ಅನ್ನೋದು ಹೆಸರಿಗೆ ಒಂದೇ ನಾಟಕ, ಮೇಷ್ಟ್ರು ಬದಲಾದ್ರೆ ಹಾಡೂ ಬದಲಾಗುತ್ತೆ. ಒಬ್ಬರು ಮೋಹನದಲ್ಲಿ ಹೇಳಿಕೊಟ್ಟ ಹಾಡನ್ನ ಇನ್ನೊಬ್ಬರು ಭೀಮ್‌ಪಲಾಸಿನಲ್ಲಿ ಹಿಡಿಸ್ತಾರೆ. ಅದಕ್ಕೇ ಒಬ್ಬೊಬ್ಬ ಮೇಷ್ಟ್ರಿಗೂ ಒಂದೊಂದು ನೋಟ್ ಬುಕ್ ಇಡಿ. ಹಾಡಿನ ಮೊದಲ ಸಾಲು, ರಾಗ, ತಾಳ, ಎತ್ತುಗಡೆ (ತಾಳದಲ್ಲಿ ಹಾಡು ಶುರುವಾಗೋ ಜಾಗ) ಎಲ್ಲಿ, ಎದುರಿನವರ ಯಾವ ಮಾತು ಮುಗಿದ ಮೇಲೆ ಹಾಡು ಅನ್ನೋದು ಅದರಲ್ಲಿರಬೇಕು. ಆ ಕೊನೇ ಮಾತೇ ಹಾಡಿಗಿಂತ ಮುಖ್ಯ, ಯಾಕಂದ್ರೆ ಅದನ್ನೇ ಅವರು ಮರೀತಾರೆ. ಭೀಮ ಗದೆ ಹಿಡಿದು ಸುಮ್ಮನೆ ನಿಂತ್ರು ಅಂದ್ರೆ ಸೈಡ್ ವಿಂಗಿನ ಕಡೆ ನೋಡಬೇಡಿ, ಇಡೀ ಸಭೆಗೆ ಗೊತ್ತಾಗುತ್ತೆ. "ಸ್ವಾಮಿ, ಆ ದುಶ್ಶಾಸನನ ರಕ್ತದಿಂದಲೇ ನನ್ನ ಮುಡಿಯನ್ನು ಕಟ್ಟುವೆನೆಂದು ತಾವು ನುಡಿದುದು ಸುಳ್ಳೇ?" ಅಂತ ದ್ರೌಪದಿಯೇ ಕೇಳಿದ್ರಾಯ್ತು. ಮರೆತ ಮಾತು ಬಾಯಿಗೆ ಬಂದು, "ಸುಳ್ಳಲ್ಲ ಪಾಂಚಾಲಿ!" ಅಂತ ಗುಡುಗ್ತಾರೆ, ಕೆಳಗೆ ಶಿಳ್ಳೆ ಬೀಳುತ್ತೆ. ಆ ಶಿಳ್ಳೆ ಅವರದೇ ಆಗಿರಲಿ. ಮುಂದಿನ ವರ್ಷ ನಿಮ್ಮ ನಂಬರು ಹುಡುಕೋದು ಆ ಭೀಮನೇ.

ಗಂಟಲಿನ ವಿಚಾರಕ್ಕೆ ಎಲ್ಲರೂ ಬೆಲ್ಲ, ಶುಂಠಿ, ಮೆಣಸು ಅಂತಾರೆ, ತಿನ್ನಿ, ಬೇಡ ಅನ್ನಲ್ಲ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಸಮಸ್ಯೆ ಕಾಯೋದು. ನಾಟಕ ಒಂಬತ್ತಕ್ಕೆ ಅಂದ್ರೆ ಹತ್ತೂವರೆಗೆ ಪರದೆ ಏಳುತ್ತೆ. ನಡುನಡುವೆ ನೆಂಟರು ಮೇಲೆ ಬಂದು ಹಾರ ಹಾಕಿ, ನೋಟು ಪಿನ್ನು ಮಾಡಿ, ಮೈಕಲ್ಲಿ ಹೆಸರು ಕೂಗಿಸ್ತಾರೆ, ಅಷ್ಟೊತ್ತೂ ಕರ್ಣಾರ್ಜುನರು ಕೈಕಟ್ಟಿ ನಿಂತಿರಬೇಕು. ನಿಮ್ಮ ಸೀನು ಬರೋ ಹೊತ್ತಿಗೆ ಬೆಳಗಿನ ಜಾವ ಮೂರು. ಸಂಜೆ ಮಾಡಿದ ಸಾಧಕ ಅಷ್ಟೊತ್ತಿಗೆ ಆರಿಹೋಗಿರುತ್ತೆ. ಗ್ರೀನ್ ರೂಮಲ್ಲಿ ಮಲಗಿ ಎದ್ದ ತಕ್ಷಣ ಹಾಡಬೇಡಿ, ದನಿ ದಪ್ಪ ಆಗಿರುತ್ತೆ. ಸೀನಿಗೆ ಸ್ವಲ್ಪ ಮುಂಚೆ ಬಾಯಿ ಮುಚ್ಚಿಕೊಂಡು ಮಂದ್ರದಲ್ಲಿ ಗುನುಗಿ, ಆಮೇಲೆ ಅಕಾರದಲ್ಲಿ ಮೇಲಕ್ಕೆ ಬನ್ನಿ. ದನಿ ಉಳಿಸೋಕೆ ಅಂತ ಪಿಸುಗುಟ್ಟೋದು ಬೇಡ, ಅದೂ ಗಂಟಲಿಗೆ ಶ್ರಮವೇ, ಸುಮ್ಮನಿದ್ದುಬಿಡಿ. ಊರವರು ಪ್ರೀತಿಯಿಂದ ಮುದ್ದೆ ಊಟ ಬಡಿಸ್ತಾರೆ, ಅರ್ಧ ಹೊಟ್ಟೆಗೆ ಸಾಕು ಮಾಡಿ.

ಮೈಕಿನ ಬಗ್ಗೆ ಒಂದೇ ಮಾತು. ಕಂದಪದ್ಯ ಎತ್ತುವಾಗ ಅರ್ಧ ಹೆಜ್ಜೆ ಹಿಂದೆ ಸರೀರಿ, ನಿಮ್ಮ ತಾರಸ್ಥಾಯಿಯನ್ನ ನಂಬಿ ಸೌಂಡಿನ ಹುಡುಗ ಎದ್ದು ಕೂತಿರಲ್ಲ.

ಇನ್ನು ದುಡ್ಡು. ಯಾವ ಪಾತ್ರ, ಎಷ್ಟು ಸಂಭಾವನೆ, ಕಾರು ಯಾರದು, ಜೊತೆಗೆ ಬರೋರಿಗೆ ಊಟ ಇದೆಯಾ, ಇದೆಲ್ಲ ಬುಕ್ಕಿಂಗ್ ದಿನವೇ ಫೋನಲ್ಲಿ ಮಾತಾಡಿ, ಆಮೇಲೆ ವಾಟ್ಸಾಪಲ್ಲಿ ಬರೆದು ಕಳಿಸಿ. ಮುಂಗಡ ಬರದೆ ಡೇಟ್ ಕೊಡಬೇಡಿ. ದ್ರೌಪದಿ ಜೊತೆಗೆ ಉತ್ತರೆನೂ ಮಾಡಿಬಿಡಮ್ಮ ಅಂತ ಅಲ್ಲಿಗೆ ಹೋದ ಮೇಲೆ ಹೇಳಿದ್ರೆ ಅದಕ್ಕೆ ಬೇರೆ ದುಡ್ಡು ಅಂತ ನಗುನಗುತ್ತಲೇ ಹೇಳಿ. ಬಾಕಿಯನ್ನ ಯುದ್ಧದ ಸೀನಿಗೆ ಮುಂಚೆ ಇಸ್ಕೊಳ್ಳಿ. ಮಂಗಳ ಹಾಡಿದ ಮೇಲೆ ಧರ್ಮರಾಯನೂ ಹಾಲು ಕರೆಯೋಕೆ ಹೊರಟಿರ್ತಾರೆ.